ಸೋಮವಾರದ ಗದ್ದಲ

“ನಾ ಬರೂತನಕ ಯಾರೂ ತಾಳ ಮುಟ್ಟಬ್ಯಾಡ್ರಿ” ಎಂದು ಕಾಶಪ್ಪ ಚಾಪೆಯಿಂದ ಎದ್ದೇಬಿಟ್ಟ. “ಇವತ್ತ ಆ ಕ್ಲಬ್ಬಿನ ಬಾಯಿ ಮುಚ್ಚಿಸಿ ಬಂದ ಭಜನಿಗೆ ಕೂಡೂದು.”

ತಬಲಾ ಸರಿಮಾಡುತ್ತಿದ್ದ ಅಲ್ಲಾಬಕ್ಷ ಸುತ್ತಿಗೆ ಕೆಳಗಿಟ್ಟ. ವಿಜಯಪುರದಿಂದ ಕಾಶಪ್ಪನ ಜೊತೆಗೇ ಮುಂಬಯಿಗೆ ಬಂದಿಳಿದವನು; ಪರೇಲಿನ ಈ ಚಾಳಿನ ಭಜನಾ ಮಂಡಳಿಗೆ ಅಂದಿನಿಂದ ಅವನದೇ ತಬಲಾ.

“ಕಾಶಪ್ಪಣ್ಣ, ಮಾರಿ ಮ್ಯಾಲಿನ ಸಿಟ್ಟು ತುಸು ಒರಸಿಕೊಂಡು ಹೋಗು. ಬಾಗಲದಾಗ ಪೈಲವಾನರು ನಿಂತಿರ್ತಾರ. ನಿನ್ನ ಎತ್ತಿ ರಸ್ತಾಕ್ಕ ಒಗದ್ರ, ಹೊತ್ತು ತರಾಕ ನನ್ನ ನಡದಾಗ ಕಸುವಿಲ್ಲ.”

“ಒಗೀಲಿ. ವರ್ಷ ತುಂಬಿದ ದಿನ ಆದ್ರೂ ಅಕಿ ಮುಂದ ಒಂದು ಪದ ಚೊಕ್ಕ ಹಾಡಬ್ಯಾಡೇನು?”

ಅಲ್ಲಾಬಕ್ಷ ಗೋಡೆಯ ಕಡೆ ನೋಡಿದ. ಕಾಶಪ್ಪನ ಹೆಂಡತಿ ರಾಚವ್ವ ವೈನಿ ಲಿಂಗೈಕ್ಯಳಾಗಿ ಅಂದಿಗೆ ವರ್ಷ. ಗೋಡೆಗೆ ಒರಗಿಸಿದ ಪಟದಲ್ಲಿ ಆಕೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕುಳಿತಿದ್ದಳು.

ಅವಳ ಕಾಲಕ್ಕೆ ಸೋಮವಾರ ಬಂತೆಂದರೆ ಈ ಕೋಣೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕೆಲವರು ತೀರಿಹೋದರು, ಕೆಲವರು ದೂರದ ಬಿಲ್ಡಿಂಗುಗಳಿಗೆ ಹೋದರು; ಬೆರಳೆಣಿಕೆಯ ಮುದುಕರು ಉಳಿದರು. ಹಾಸಿಗೆ ಹಿಡಿದ ಮೇಲೂ ಅವಳು ಭಜನೆ ತಪ್ಪಿಸಗೊಡಲಿಲ್ಲ. ಕೊನೆಕೊನೆಗೆ, ಖಾಲಿ ಚಾಪೆಗಳ ನಡುವೆ ಕಣ್ಣು ಮುಚ್ಚಿ ಮಲಗಿ, “ಇವತ್ತ ಮಂದಿ ಭಾಳ ಕೂಡ್ಯಾರ ನೋಡ್ರಿ” ಎಂದು ನಗುತ್ತಿದ್ದಳು. ಜ್ವರ ತಲೆಗೇರಿದೆಯೆಂದು ಕಾಶಪ್ಪ ಹಣೆಗೆ ಒದ್ದೆಬಟ್ಟೆ ಹಾಕುತ್ತಿದ್ದ.

ಪಟದ ಹಿಂದಿನ ಗೋಡೆಯ ಆಚೆಗಿದ್ದದ್ದು ಹಳೆಯ ಗಿರಣಿಯ ಗೋದಾಮು. ಈಗ ಅದು ಕ್ಲಬ್ಬು. ಉಳಿದ ದಿನ ಅಲ್ಲಿ ಏನೇನೋ ಬಡಿದುಕೊಳ್ಳುತ್ತಿದ್ದರು. ಅದನ್ನು ಲೋಕಲ್ ಗಾಡಿಯ ಸಪ್ಪಳದ ಹಾಗೆ ಕಿವಿ ಮರೆಯುತ್ತಿತ್ತು. ಆದರೆ ರಾಚವ್ವ ಹಾಸಿಗೆ ಹಿಡಿದ ದಿನಗಳಿಂದ ಪ್ರತಿ ಸೋಮವಾರ ಒಂದು ಜಾಝ್ ತಂಡ ಬರುತ್ತಿತ್ತು. ಅದರ ರೀತಿಯೇ ಬೇರೆ. ಇತ್ತ ತಾಳ ಬಿದ್ದರೆ ಸಾಕು, ಅತ್ತ ಅವರ ಪೀಪಿ ಏಳುತ್ತಿತ್ತು. ಕಾಶಪ್ಪ ಒಂದು ಸೊಲ್ಲು ಹಾಡಿದರೆ ಅದನ್ನೇ ಹಿಡಿದು, ಎಳೆದು, ತಿರುಚಿ, ಓಣಿಯ ತುಂಟ ಹುಡುಗರ ಹಾಗೆ ಮರಳಿ ಎಸೆಯುತ್ತಿತ್ತು. ಆರ್ತನಾಗಿ ಶಿವನನ್ನು ಕರೆಯುವವನಿಗೆ ಅಣಕದ ಮಾರುತ್ತರ! ವರ್ಷದುದ್ದಕ್ಕೂ ಅವನ ದುಃಖವನ್ನು ಯಾರೋ ಬೆನ್ನ ಹಿಂದೆ ನಿಂತು ಆಡಿಕೊಂಡಂತಾಗಿತ್ತು.

ದೀಪ ಹಚ್ಚುವ ಹೊತ್ತು. ಕಾಶಪ್ಪ ಓಣಿ ಸುತ್ತಿ ಕ್ಲಬ್ಬಿನ ಬಾಗಿಲಿಗೆ ಬಂದ. ಪೈಲವಾನರು ಇರಲಿಲ್ಲ. ಸ್ನೇಹಲ್ ಎಂದು ಎದೆಗೆ ಹೆಸರು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು.

“ಟಿಕೆಟ್, ಅಂಕಲ್?”

“ಟಿಕೆಟ್ ಕಾಯ್ಕಾ? ಬಂದ್ ಕರಾನೇ ಆಯಾ!” ಬಂದ್ ಮಾಡಿಸಲು ಬಂದವನಿಗೆ ಎಂಥ ಟಿಕೆಟ್ಟು!

ಹುಡುಗಿ ಅವನ ವಿಭೂತಿ ನೋಡಿದಳು, ಧೋತರ ನೋಡಿದಳು. ಸಿಟ್ಟಾಗಲಿಲ್ಲ. “ಅಂದರ್ ಬೈಠೋ, ಅಂಕಲ್. ಆಜ್ ಅಭೀ ತಕ್ ಶುರೂ ಹೀ ನಹೀ ಹುವಾ.” ಇವತ್ತು ಇನ್ನೂ ಶುರುವೇ ಆಗಿಲ್ಲವಂತೆ.

“ಹೋಯೇಗಾ ಭೀ ನಹೀ” ಎಂದು ಕಾಶಪ್ಪ ಬಾಗಿಲು ನೂಕಿದ.

ಕುಡಿದವರ ಕೇಕೆಗೆ ಅವನು ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದ. ಒಳಗೆ ನೋಡಿದರೆ ಪುರಾಣ ಕೇಳಲು ಕುಳಿತ ಸಭೆಯ ನಿಶ್ಶಬ್ದ. ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ವಾದ್ಯದವರು ಜನರಿಗೆ ಬೆನ್ನು ಕೊಟ್ಟು ಗೋಡೆಗೆ ಮುಖಮಾಡಿ ಕುಳಿತಿದ್ದರು. ಕೂಡಿದ ಸಭೆಗೆ ಬೆನ್ನು ತೋರಿಸುವ ಇವರಿಗೆ ಯಾವ ತಾಯಿ ನಡತೆ ಕಲಿಸಿದಳೋ! ಹಾಡುವವನು ಇಲ್ಲದೆಯೂ ಒಂದು ಮೈಕು ನಿಲ್ಲಿಸಿದ್ದರು, ಅದೂ ಗೋಡೆಗೆ ಮೂತಿ ಹಚ್ಚಿ. ಡ್ರಮ್ಮಿನವನು ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಹಿತೇಶ್ ಎಂಬ ಉದ್ದನೆಯ ಹುಡುಗ, ಬಾಗಿಲಲ್ಲಿ ಹೆಸರಿನ ಜೊತೆ ಅವನದೇ ದೊಡ್ಡ ಚಿತ್ರವಿತ್ತು, ಸ್ಯಾಕ್ಸೊಫೋನನ್ನು ಎದೆಗೆ ತೂಗುಹಾಕಿಕೊಂಡು ಸುಮ್ಮನೆ ನಿಂತಿದ್ದ.

ಯಾರೂ ನುಡಿಸುತ್ತಿರಲಿಲ್ಲ.

ಕಾಶಪ್ಪನಿಗೆ ಅರ್ಥವಾಯಿತು. ನಾಳೆ ಸೋಮವಾರ ನೋಡ್ಕೋತೀನಿ ಎಂದು ನಿನ್ನೆ ಚಾಳಿನ ನಲ್ಲಿಯ ಮುಂದೆ ನಿಂತು ಕೂಗಾಡಿದ್ದ. ಸುದ್ದಿ ಇಲ್ಲಿಗೆ ಮುಟ್ಟಿದೆ. ಹೆದರಿದ್ದಾರೆ. ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಹಿಂದಿಯ ಬೈಗುಳಗಳನ್ನು ಅವನು ನುಂಗಿಕೊಂಡ. ಕಂಬಕ್ಕೆ ಆನಿಕೊಂಡು ನಿಂತು ಕೈಮುಗಿದ. ಶಿವನೇ, ಮೊರೆ ಕೇಳಿದೆಯಪ್ಪ! ನೋಡಿದೆಯಾ ರಾಚವ್ವಾ, ನಿನ್ನ ದಿನಕ್ಕೆ ಎಂಥ ಶಾಂತಿ! ಇನ್ನು ಹೋಗಿ ಮನದಣಿಯೆ ಹಾಡುತ್ತೇನೆ.

ಹೋಗಬೇಕೆಂದವನು ಹೋಗಲಿಲ್ಲ. ಗೆದ್ದ ಕಣದಲ್ಲಿ ತುಸು ನಿಲ್ಲೋಣವೆನಿಸಿತು.

ಜನ ಮಿಸುಕಾಡತೊಡಗಿದರು. ಪಕ್ಕದ ಕುರ್ಚಿಯ ಹೆಂಗಸು ದೂರದ ಜೋಗೇಶ್ವರಿಯಿಂದ ಇದಕ್ಕೆಂದೇ ಬಂದವಳಂತೆ. ಗಂಡನ ಮೇಲೆ ಗೊಣಗುತ್ತಿದ್ದಳು. ಕಾಶಪ್ಪನಿಗೆ ಅಯ್ಯೋ ಎನಿಸಿತು. ಗೆದ್ದವನಿಗೆ ಕನಿಕರ ಸುಲಭ.

“ಘರ್ ಜಾವ್, ಬಾಯಿ” ಎಂದು ಮೆಲ್ಲಗೆ ಹೇಳಿದ. “ಆಜ್ ಕುಛ್ ನಹೀ.”

“ಆಪ್‌ಕೋ ಕೈಸೇ ಮಾಲೂಮ್?” ನಿಮಗೆ ಹೇಗೆ ಗೊತ್ತೆಂದಳು ಆಕೆ.

ಕಾಶಪ್ಪ ಮೀಸೆಯಲ್ಲಿಯೇ ನಕ್ಕ.

ಅಷ್ಟರಲ್ಲಿ ಹಿತೇಶ್ ಗೋಡೆಯ ಕಡೆಯಿಂದ ಜನರತ್ತ ತಿರುಗಿ ಕೈಮುಗಿದು ಹಿಂದಿಯಲ್ಲಿ ಹೇಳಿದ:

“ಕ್ಷಮಿಸಬೇಕು, ಗೋಡೆಯ ಆಚೆಯವರು ಇವತ್ತು ಯಾಕೋ ಇನ್ನೂ ಶುರು ಮಾಡಿಲ್ಲ, ಆ ಅಜ್ಜ ಮೊದಲ ಸೊಲ್ಲು ಎತ್ತಿಕೊಡದೆ ನಮಗೆ ನುಡಿಸಲು ಏನೂ ಇಲ್ಲ.”