ಒಳಕ್ಕೆ ತೆರೆಯುವ ಬಾಗಿಲು

“ಒಳಗಿಂದ ಚಿಲಕ ಹಾಕಿರೋ ಬಾಗಿಲನ್ನ ಹೊರಗಿಂದ ತೆಗೆಯೋದು ಹೇಗೆ ಮೇಸ್ತ್ರಿ?”

ಮೇಸ್ತ್ರಿಯ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು. ಕೆಲಸ ಕಲಿಯಲು ಬಂದವರು ಅಳತೆ ಕೇಳುತ್ತಾರೆ, ಮರದ ಜಾತಿ ಕೇಳುತ್ತಾರೆ, ಊಟಕ್ಕೆ ಯಾವಾಗ ಬಿಡುತ್ತೀರಿ ಎಂದು ಕೇಳುತ್ತಾರೆ. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ.

“ಕೀಲು ಹೊರಗಿದ್ರೆ ಅದರ ಕಡ್ಡಿ ಎಬ್ಬಿಸಿ ಬಾಗಿಲನ್ನೇ ಕಳಚಬಹುದು. ಒಳಗಿದ್ರೆ ಒಡೀಬೇಕು ಅಷ್ಟೆ.”

“ಕಳಚೋಕೆ ಎಷ್ಟು ಹೊತ್ತು ಹಿಡಿಯುತ್ತೆ?”

“ಕಳ್ಳರೂ ಇಷ್ಟು ಅವಸರ ಮಾಡಲ್ಲ ಕಣ್ರೀ!”

ಅಂಗಡಿಯವರೆಲ್ಲ ನಕ್ಕರು. ಕೇಳಿದಾತ ನಗಲಿಲ್ಲ.

ಆತ ಯಾವುದೋ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ತಲೆ ಪೂರ್ತಿ ನರೆತ ಮೇಲೆ ಬಾಗಿಲು ಕಿಟಕಿ ಕೂರಿಸುವುದನ್ನು ಕಲಿಯಲು ಬಂದವನನ್ನು ಎಲ್ಲರೂ ‘ತಾತ’ ಎಂದೇ ಕರೆಯುತ್ತಿದ್ದರು. ಬಂದ ಮೊದಲ ದಿನ ಆತ ಅಂಗಡಿಯ ಬಾಗಿಲಿನ ಮೇಲಿನ ಕೀಲಿನ ಪಕ್ಕ ಬೆರಳಾಡಿಸಿದ್ದ. ಅಲ್ಲಿ ಉಳಿಯಲ್ಲಿ ಕೆತ್ತಿದ ಮೂರು ಗೀರು, ಗುಬ್ಬಿಯ ಕಾಲಿನ ಹಾಗೆ. ತಾನು ಕೂರಿಸಿದ ಪ್ರತಿ ಬಾಗಿಲಿಗೂ ಮೇಸ್ತ್ರಿ ಹಾಕುವ ಗುರುತು ಅದು. ಮೇಸ್ತ್ರಿಗೆ ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು.

“ನಿಮ್ಮ ಮನೆ ಹತ್ತಿರಾನೇ ಬೇಕಾದಷ್ಟು ಬಡಗಿಗಳು ಇದಾರಲ್ಲ?” ಎಂದು ಮೇಸ್ತ್ರಿ ಕೇಳಿದ್ದ.

“ಬೇರೆಯವರ ಹತ್ತಿರ ಕಲಿತು ಏನು ಪ್ರಯೋಜನ?”

ಮೇಸ್ತ್ರಿ ಉಬ್ಬಿಹೋಗಿದ್ದ.

ಕೆಲಸದಲ್ಲಿ ಮಾತ್ರ ತಾತ ದೊಡ್ಡ ತಲೆನೋವಾದ. ಒಂದು ಮನೆಯಲ್ಲಿ ಬಚ್ಚಲ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ಕೂರಿಸಿಬಿಟ್ಟ.

“ಬಚ್ಚಲ ಬಾಗಿಲು ಒಳಕ್ಕೇ ತೆರೀಬೇಕು, ಎಷ್ಟು ಸಲ ಹೇಳ್ಲಿ? ಹೊರಕ್ಕೆ ತೆರೆದ್ರೆ ಅದರ ಮೇಲಿನ ನೀರೆಲ್ಲ ಕೋಣೆಗೆ ಸುರಿಯುತ್ತೆ!”

“ನೀರನ್ನ ಒರೆಸಬಹುದು ಮೇಸ್ತ್ರಿ,” ಎಂದು ತಾತ ಗೊಣಗಿದ.

ಮೇಸ್ತ್ರಿ ಅದನ್ನು ಬಿಚ್ಚಿಸಿ, ತಾನೇ ಸರಿಯಾಗಿ ಕೂರಿಸಿದ.

ಸಂಜೆಯಾದರೆ ಉಳಿದವರು ಮನೆಗೆ ಓಡುತ್ತಿದ್ದರು. ತಾತ ಗುಡಿಸಿದ ನೆಲವನ್ನೇ ಮತ್ತೆ ಗುಡಿಸುತ್ತಿದ್ದ. ದೊಡ್ಡ ಮೊಳೆ, ಸಣ್ಣ ಮೊಳೆ ಎಂದು ಬೇರೆ ಮಾಡುತ್ತ ಕೂರುತ್ತಿದ್ದ. ಮಾತಾಡಿಸುವವರಿಲ್ಲದ ಮನೆಗೆ ಯಾರು ತಾನೇ ಬೇಗ ಹೋಗುತ್ತಾರೆ? ಮೇಸ್ತ್ರಿಗೆ ಅದು ಹಾಗೆ ಕಾಣಲಿಲ್ಲ. ಎಲ್ಲರೂ ಹೋದ ಮೇಲೆ ಈ ಮುದುಕನಿಗೆ ಅಂಗಡಿಯಲ್ಲೇನು ಕೆಲಸ ಎಂದುಕೊಂಡ.

ಒಂದು ದಿನ ಬೆಳಿಗ್ಗೆ ಮೇಸ್ತ್ರಿಯ ಒಳ್ಳೆಯ ಉಳಿ ಕಾಣಲಿಲ್ಲ. ಹೊಸ ಕೀಲುಗಳೂ ಕಾಣಲಿಲ್ಲ. ತಾತನೂ ಬರಲಿಲ್ಲ.

ಅನುಮಾನ ಗಟ್ಟಿಯಾಯಿತು. ತಾನು ಕಲಿಸಿದ ಕೈ ಯಾರದೋ ಮನೆಗೆ ನುಗ್ಗಿದರೆ ಇಷ್ಟು ವರ್ಷ ಗಳಿಸಿದ ಹೆಸರಿನ ಗತಿಯೇನು? ಮಾಲು ಸಮೇತ ಹಿಡಿದು, ಇವತ್ತೇ ಕೆಲಸದಿಂದ ಓಡಿಸುವುದೆಂದು ಮೇಸ್ತ್ರಿ ವಿಳಾಸ ಹುಡುಕಿಕೊಂಡು ಹೊರಟ.

ಹೊಸದಾಗಿ ಎದ್ದ ಮನೆಗಳ ಸಾಲು. ಮೇಸ್ತ್ರಿ ಕೆಲಸ ಮಾಡಿದ ಎಷ್ಟೋ ಸಾಲುಗಳ ಹಾಗೆ ಎಲ್ಲವೂ ಒಂದೇ ಅಚ್ಚಿನವು. ತಾತನ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಎರಡು ಕುರ್ಚಿ, ಒಂದರ ಮೇಲೆ ಧೂಳು. ತಾತ ಬಚ್ಚಲ ಮುಂದೆ ಮಂಡಿಯೂರಿ ಹೊಸ ಬಾಗಿಲು ಕೂರಿಸುತ್ತಿದ್ದ. ಅದು ಹೊರಕ್ಕೆ ತೆರೆಯುತ್ತಿತ್ತು. ಅಂಗಡಿಯ ಕೀಲುಗಳು ಹೊರಬದಿಯಲ್ಲಿ ಹೊಳೆಯುತ್ತಿದ್ದವು. ಪಕ್ಕದ ಗೋಡೆಗೆ ಹಳೆಯ ಬಾಗಿಲು ಒರಗಿತ್ತು. ಅದರ ನಟ್ಟನಡುವೆ ಕೊಡಲಿ ಏಟಿನ ದೊಡ್ಡ ತೂತು.

“ಉಳಿ ನಾಳೆ ತರ್ತಿದ್ದೆ ಮೇಸ್ತ್ರಿ,” ಎಂದ ತಾತ. “ನಿಮ್ಮನ್ನ ಕೇಳಿ ತಂದಿದ್ರೆ, ಯಾಕೆ ಅಂತ ಹೇಳಬೇಕಾಗ್ತಿತ್ತು.”

“ಯಾಕೆ?”

“ನನ್ನ ಹೆಂಡ್ತಿ ಸ್ನಾನಕ್ಕೆ ಹೋದೋಳು ಜಾರಿ ಬಿದ್ದುಬಿಟ್ಲು. ಬಾಗಿಲಿಗೇ ಅಡ್ಡವಾಗಿ. ಚಿಲಕ ಹೇಗೋ ಕಿತ್ತುಬಂತು. ಆದ್ರೆ ತಳ್ಳಿದ್ರೆ ಅವಳಿಗೇ ಒತ್ತುತ್ತಿತ್ತು. ‘ತಳ್ಳಬೇಡಿ, ನೋವಾಗುತ್ತೆ’ ಅಂತಿದ್ಲು. ಪಕ್ಕದ ಮನೆಯಿಂದ ಕೊಡಲಿ ತಂದು ಒಡೆಯೋಷ್ಟರಲ್ಲಿ ಮಾತು ನಿಂತಿತ್ತು.”

ಇಂಥವನನ್ನು ಕಳ್ಳ ಎಂದುಕೊಂಡೆನಲ್ಲ ಎಂದು ಮೇಸ್ತ್ರಿಗೆ ನಾಚಿಕೆಯಾಯಿತು. ಆ ನಾಚಿಕೆ ಸಿಟ್ಟಾಗಿ ಹಳೆಯ ಬಾಗಿಲಿನ ಮೇಲೆ ತಿರುಗಿತು.

“ಇಷ್ಟು ಇಕ್ಕಟ್ಟಿನ ಬಚ್ಚಲಿಗೆ ಒಳಕ್ಕೆ ತೆರೆಯೋ ಬಾಗಿಲಾ? ಯಾವ ಮೂರ್ಖ ಕಣ್ರೀ ಇದನ್ನ ಕೂರಿಸಿದ್ದು?”

ತಾತ ಎದ್ದು, ಹಳೆಯ ಬಾಗಿಲನ್ನು ಮೆಲ್ಲಗೆ ಬೆಳಕಿನ ಕಡೆಗೆ ತಿರುಗಿಸಿದ.

ಮೇಲಿನ ಕೀಲು ಇದ್ದ ಜಾಗದ ಪಕ್ಕದಲ್ಲಿ ಮೂರು ಗೀರುಗಳಿದ್ದವು, ಗುಬ್ಬಿಯ ಕಾಲಿನ ಹಾಗೆ.