ಕಾಲು ತೊಳೆಯಲು ಕುಡಿಯುವ ನೀರು

ಬಸ್ಸಿನಲ್ಲಿ ಪಕ್ಕದವರ ಕರ್ಚೀಫಿನಿಂದ ಸೆಂಟಿನ ವಾಸನೆ ಬಂದರೆ ಇಂದಿಗೂ ನನಗೆ ಕುಮಟೆಯ ಕಡಲತಡಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಮೇ ತಿಂಗಳು ಬಂತೆಂದರೆ ಬೆಂಗಳೂರಿನ ಕಾರುಗಳು ಬರುತ್ತಿದ್ದವು. ಕಾರಿನವರು ಸಮುದ್ರವನ್ನು ಬಾಯ್ತುಂಬ ಹೊಗಳುತ್ತಿದ್ದರು, ನಮ್ಮ ಅಂಗಳದಲ್ಲಿ ಒಣಗುವ ಮೀನಿಗೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಮೀನು ಬೇರೆಲ್ಲಿಂದಲೋ ಬಂದದ್ದು ಎಂಬಂತೆ.

ಆ ದಿನ ಒಬ್ಬ ಹೆಂಗಸು ಮೂಗಿಗೆ ಕರ್ಚೀಫು ಒತ್ತಿಕೊಂಡೇ ಅಂಗಳಕ್ಕೆ ಬಂದು, "ಕುಡಿಯೋ ನೀರಿದ್ರೆ ಕೊಡಮ್ಮ" ಎಂದಳು. ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುತ್ತಿತ್ತು. ನಾವು ಆಯಿ ಎನ್ನುತ್ತಿದ್ದ ನಮ್ಮಮ್ಮ ನಸುಕಿನಲ್ಲಿ ಗುಡ್ಡದ ಬುಡದ ಬಾವಿಯಿಂದ ಸಿಹಿನೀರು ಹೊತ್ತು ತರುತ್ತಿದ್ದಳು. ಚೊಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ಆ ನೀರನ್ನು ತುಂಬಿ ಕೊಟ್ಟಳು. ಹೆಂಗಸು ಒಂದು ಗುಟುಕೂ ಕುಡಿಯಲಿಲ್ಲ. ಸೀರೆ ಎತ್ತಿ ಹಿಡಿದು, ಕಾಲಿಗಂಟಿದ ಮರಳಿನ ಮೇಲೆ ಅಷ್ಟನ್ನೂ ಸುರಿದುಕೊಂಡಳು.

"ಇನ್ನೊಂದು ಚೊಂಬು ತಾ."

"ಕುಡೂಕಾದ್ರೆ ಕೊಡ್ತೆ," ಎಂದಳು ಆಯಿ. "ಕಾಲಿಗೆ ಸಮುದ್ರ ಅದೆ."

"ಉಪ್ಪುನೀರು ಅಂಟುತ್ತೆ," ಎಂದು ಅವಳು ಮುಖ ಸಿಂಡರಿಸಿದಳು. ಚೊಂಬನ್ನು ಮಣ್ಣಿಗೆ ಎಸೆದು ಕಾರಿನ ಕಡೆ ಹೋಗುತ್ತ ಗಂಡನಿಗೆ ಕೂಗಿ ಹೇಳಿದಳು: "ಮರ್ಯಾದೆ ಗೊತ್ತಿಲ್ಲದ ಜನ ಕಣ್ರೀ."

ಮೀನಿನ ಬಳಿ ಕಾಗೆ ಓಡಿಸುತ್ತ ಕುಳಿತಿದ್ದ ಅಜ್ಜಿಗೆ ಕಿವಿ ಮಂದ. "ಎಂತ ಹೇಳ್ತದೆ ಅದು?" ಎಂದು ಕೇಳಿದಳು.

ಆಯಿ ಚೊಂಬನ್ನು ಎತ್ತಿ ಸೆರಗಿನಿಂದ ಒರೆಸಿದಳು. "ನಮ್ಮೂರು ಬಾಳ ಚಂದ ಅಂತೆ."

"ಹಾಗಾರೆ ಆತು," ಎಂದು ಅಜ್ಜಿ ನಿಟ್ಟುಸಿರುಬಿಟ್ಟಳು. "ಬರೂ ವರ್ಷನೂ ಬತ್ರು."