ಕಪ್ಪೆಗಳಿಗೆ ಲೈನ್ ಕ್ಲಿಯರ್

"ಇದು ಬರ್ತಾ ಇದೆಯೋ, ಬಂದ ದಾರೀಲೇ ವಾಪಸ್ ಹೋಗ್ತಾ ಇದೆಯೋ?"

ಸೊಸೆ ಕೇಳಿದ್ದು ಯಾರನ್ನೂ ಅಲ್ಲ. ಹಾಲ್‌ನಲ್ಲಿದ್ದ ಕಂಪ್ಯೂಟರಿನ ಪರದೆ ಮೊದಲು ಇನ್ನು ನಲವತ್ತು ನಿಮಿಷ ಎಂದಿತ್ತು. ಆಮೇಲೆ ಮೂರು ಗಂಟೆ ಎಂದಿತು. ಈಗ ನಾಚಿಕೆಯಿಲ್ಲದೆ ಹನ್ನೊಂದು ಗಂಟೆ ಎನ್ನುತ್ತಿತ್ತು. ಒಂದು ಕಪ್ಪೆ ಹಾಡಿ ನಿಲ್ಲಿಸಿದಲ್ಲಿ ಇನ್ನೊಂದು ಎತ್ತಿಕೊಳ್ಳುವ ಹಾಗೆ ಅವಳು ಮಹಡಿಯ ಕೋಣೆಯಲ್ಲಿ ತನ್ನ ಕಂಪ್ಯೂಟರಿನಲ್ಲಿ ಹೆಣೆದಿದ್ದ ಕಪ್ಪೆಗಳ ಕೂಗು, ಮನೆಯ ವೈಫೈ ಹಿಡಿದು ಕೆಳಗಿನ ಈ ಕಂಪ್ಯೂಟರಿಗೆ ಇಳಿಯಬೇಕಿತ್ತು. ಕಂಪ್ಯೂಟರ್ ಮ್ಯೂಸಿಯಂನದು. ಅದನ್ನು ಒಯ್ಯುವ ವ್ಯಾನು ಆಗಲೇ ಗೇಟಿನೆದುರು ಬಂದು ನಿಂತಿತ್ತು. ಬೆಳಿಗ್ಗೆ ಮಕ್ಕಳು ಮ್ಯೂಸಿಯಂನ ಕೊಳದ ಕೋಣೆಯ ಬಾಗಿಲು ತೆರೆದಾಗ ಕಪ್ಪೆಗಳು ಕೂಗದಿದ್ದರೆ, ಅವಳಿಗೆ ಸಿಕ್ಕ ಮೊದಲ ಕೆಲಸವೇ ಕೊನೆಯದು. ಫೈಲು ಮನೆಯ ಯಾವ ಪೆನ್‌ಡ್ರೈವಿಗೂ ಹಿಡಿಸದಷ್ಟು ದೊಡ್ಡದು. ಇದ್ದೊಂದು ಉದ್ದ ಕೇಬಲನ್ನು ಮೈದುನ ತಾರಸಿಯಲ್ಲಿ ಬಟ್ಟೆ ಒಣಗಿಸಲು ಕಟ್ಟಿ, ಬಿಸಿಲಿಗೆ ಅದರ ಕಥೆ ಮುಗಿಸಿದ್ದ.

ಆರಾಮಕುರ್ಚಿಯಲ್ಲಿ ಒರಗಿದ್ದ ಮಾವ ಕಣ್ಣು ತೆರೆದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರ್. ಕೆಲಸ ಬಿಟ್ಟಮೇಲೆ ಇಂಥದೊಂದು ಪ್ರಶ್ನೆ ಅವರ ಕಿವಿಗೆ ಬಿದ್ದೇ ಇರಲಿಲ್ಲ. ಎದ್ದವರೇ ಮೊದಲು ಬೂಟು ಹಾಕಿಕೊಂಡರು.

"ಎಷ್ಟು ಲೈನಮ್ಮಾ ಮನೇಲಿ?"

"ಒಂದೇ ಮಾವ. ಮೂಲೇಲಿರೋ ಆ ವೈಫೈ ಡಬ್ಬಿಯಿಂದಾನೇ ಎಲ್ಲರಿಗೂ."

"ಸಿಂಗಲ್ ಲೈನು!" ಮಾವನ ಮುಖ ಅರಳಿತು. "ಮೊದಲೇ ಹೇಳಬಾರದಾ? ಸಿಂಗಲ್ ಲೈನಲ್ಲಿ ಎಲ್ರೂ ಒಟ್ಟಿಗೆ ಗಾಡಿ ಬಿಟ್ರೆ ಇನ್ನೇನಾಗುತ್ತೆ?"

ಬೀರುವಿನಿಂದ ಹಳೆಯ ಬಾವುಟಗಳು ಹೊರಬಂದವು. ಹಸಿರನ್ನು ಕಂಕುಳಲ್ಲಿ ಇರುಕಿಕೊಂಡು, ಕೆಂಪನ್ನು ಕೈಯಲ್ಲಿ ಹಿಡಿದು ಮಾವ ಹೊರಟರು. ಫೋನಿನಲ್ಲಿ ಕಾರು ಓಡಿಸುತ್ತಿದ್ದ ಮೈದುನನ ಮೂಗಿನ ಮುಂದೆ ಕೆಂಪು ಬಾವುಟ ಬಿಚ್ಚಿಕೊಂಡಿತು.

"ಅಪ್ಪಾ, ಇನ್ನೇನು ಗೆಲ್ಲೋದ್ರಲ್ಲಿದ್ದೆ!"

"ಗೂಡ್ಸ್ ಗಾಡಿ ಗೆದ್ದು ಯಾವ ರಾಜ್ಯ ಆಳ್ಬೇಕು? ಪಕ್ಕದ ಲೂಪ್ ಲೈನಿಗೆ ನಡಿ, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡು."

ಅಡುಗೆಮನೆಯಲ್ಲಿ ನೋಡುವವರಿಲ್ಲದೆ ಟಿವಿಯೊಂದು ತನ್ನ ಪಾಡಿಗೆ ಅಳುತ್ತಿತ್ತು. ಅದನ್ನೂ ಆರಿಸಿದರು. ಒಂದೊಂದು ನಿಂತಂತೆಲ್ಲ ಹಾಲ್‌ನಿಂದ ಸೊಸೆಯ ಕೂಗು: "ಆರು ಗಂಟೆ ಮಾವಾ! ಮೂರು! ಒಂದೂವರೆ... ಅಯ್ಯೋ, ಅಲ್ಲೇ ನಿಂತುಬಿಡ್ತು!"

"ಮುಂದೆ ಯಾವುದೋ ಹಾಳು ಪ್ಯಾಸೆಂಜರ್ ಸಿಕ್ಕಿಕೊಂಡಿದೆ," ಎನ್ನುತ್ತ ಮಾವ ಮನೆಯ ಕಟ್ಟಕಡೆಯ ಕೋಣೆಯ ಬಾಗಿಲು ತಳ್ಳಿದರು. ಡಬ್ಬಿಯ ಸಿಗ್ನಲ್ಲು ಏದುಸಿರು ಬಿಟ್ಟುಕೊಂಡು ಮುಟ್ಟುವ ಜಾಗ ಅದು. ಅಲ್ಲಿ ಒಂದು ಫೋನು ತೆವಳಿದರೆ ಅದರ ಹಿಂದೆ ಇಡೀ ಮನೆ ತೆವಳಬೇಕು.

ಅತ್ತೆ ಹೊಲಿಗೆ ಯಂತ್ರಕ್ಕೆ ಫೋನು ಒರಗಿಸಿಕೊಂಡು ದಿಂಬಿನ ಗವಸು ಹೊಲಿಯುತ್ತಿದ್ದರು. ಫೋನಿನ ಪರದೆಯಲ್ಲಿ ಅವರ ಅಕ್ಕ, ದೂರದ ಊರಿನಲ್ಲಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು.

"ಇಬ್ರೂ ಏನು ಮಾತಾಡ್ತಿದ್ದೀರಿ ಇಷ್ಟು ಹೊತ್ತು?"

"ಏನಿಲ್ಲ. ಅಕ್ಕ ಮಲಗಿದ್ದಾಳೆ."

"ಮಲಗಿದೋರಿಗೆ ಯಾತಕ್ಕೆ ಫೋನು? ಕಟ್ ಮಾಡು. ಹಿಂದೆ ಎಕ್ಸ್‌ಪ್ರೆಸ್ ಕಾಯ್ತಾ ಇದೆ."

"ಎದ್ದಾಗ ಅವಳಿಗೆ ನಾನು ಕಾಣ್ಬೇಕು." ಅತ್ತೆ ದಾರವನ್ನು ಹಲ್ಲಿನಿಂದ ಕಡಿದರು. "ಅವತ್ತು ನಿಮ್ಮ ಸ್ಟೇಷನ್ನಿಂದ ಈ ಅಕ್ಕನ ಹೆರಿಗೆಗೇ ಹೊರಟಿದ್ದೆ ನಾನು. ಚೀಲ ಹೊತ್ಕೊಂಡು ಪ್ಲಾಟ್‌ಫಾರಂ ಉದ್ದಕ್ಕೂ ಓಡಿ ಬಂದೆ. ಕೈ ಚಾಚಿದ್ರೆ ಬೋಗಿ. ನೀವು ನನ್ನ ಮುಖ ನೋಡ್ಕೊಂಡೇ ಹಸಿರು ಬಾವುಟ ಬೀಸಿದ್ರಿ."

"ಟೈಮಾಗಿತ್ತು ಕಣೇ."

"ಆಗಿತ್ತು. ನನಗೋಸ್ಕರ ಅಂತ ಒಂದೇ ಒಂದು ಗಾಡಿ ನಿಲ್ಲಿಸಿದೋರಲ್ಲ. ಈಗ ನನ್ನ ಗಾಡಿಗೆ ಕೆಂಪು ತೋರಿಸೋಕೆ ಬಂದ್ರಾ?"

"ಸರಿಯಾಗಿ ಹೇಳ್ದೆ," ಎಂದರು ಪರದೆಯ ಮೇಲಿನ ಅಕ್ಕ, ಕಣ್ಣು ತೆರೆಯದೆಯೇ.

ಮಾವನ ಬಾವುಟ ತಾನಾಗಿಯೇ ಸುತ್ತಿಕೊಂಡಿತು. ಅಷ್ಟರಲ್ಲಿ ಹಾಲ್‌ನಿಂದ ವ್ಯಾನಿನ ಡ್ರೈವರನ ದನಿ ಕೇಳಿಸಿತು. "ಇನ್ನು ಆಗಲ್ಲಮ್ಮಾ, ಟೈಮಾಯ್ತು. ಇನ್ನೂ ಮೂರು ಕಡೆ ಹೋಗ್ಬೇಕು. ಕಂಪ್ಯೂಟರ್ ಇಲ್ಲೇ ಇರ್ಲಿ, ಕಪ್ಪೆ ಬರಲಿಲ್ಲ ಅಂತ ಹೇಳ್ಬಿಡ್ತೀನಿ."

"ಒಂದು ಸ್ವಲ್ಪ ಹೊತ್ತು, ಅಣ್ಣಾ!" ಸೊಸೆ ಅಂಗಲಾಚಿದಳು. ಉತ್ತರವಾಗಿ ಗೇಟಿನ ಸದ್ದು, ಆಮೇಲೆ ವ್ಯಾನಿನ ಬಾಗಿಲಿನ ಸದ್ದು.

ಬೂಟುಗಳು ಟಕಟಕನೆ ಹಾಲ್ ದಾಟಿಹೋದವು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ಏನಾಯಿತೆಂದು ನೋಡಲು ಅತ್ತೆ, ಅಕ್ಕನ ಸಮೇತ ಫೋನನ್ನು ಎತ್ತಿಕೊಂಡು ಹಾಲ್‌ಗೆ ಬಂದರು. ಡಬ್ಬಿಯ ಪಕ್ಕದಲ್ಲೇ ಹಾದು ಮುಂಬಾಗಿಲ ಹೊಸ್ತಿಲಲ್ಲಿ ನಿಂತರು. ಡಬ್ಬಿ ಹತ್ತಿರವಾದದ್ದೇ ಫೋನು ತೆವಳುವುದನ್ನು ಬಿಟ್ಟಿತು.

"ಓಡ್ತಾ ಇದೆ!" ಸೊಸೆ ಕುರ್ಚಿಯ ಮೇಲೇ ಕುಣಿದಳು. "ಮಾವಾ, ಇಪ್ಪತ್ತೇ ನಿಮಿಷ!"

ಹೊರಗೆ ವ್ಯಾನಿನ ಎಂಜಿನ್ ಗುರುಗುಟ್ಟುತ್ತಿತ್ತು. ಅದರ ಮೂತಿಗೆ ಎದೆ ತಾಗುವಷ್ಟು ಹತ್ತಿರ ಮಾವ ನಿಂತಿದ್ದರು, ಕೆಂಪು ಬಾವುಟವನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು. ಹಾರನ್ನಿಗೆ ಅವರ ರೆಪ್ಪೆಯೂ ಅಲುಗಲಿಲ್ಲ.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೈ ಮುಗಿದ. "ಯಜಮಾನ್ರೇ, ದಾರಿ ಬಿಡಿ. ಟೈಮಾಯ್ತು ಅಂದ್ನಲ್ಲ."

ಮಾವ ಅವನ ಕಡೆ ನೋಡಲಿಲ್ಲ. ಹೊಸ್ತಿಲಲ್ಲಿ ನಿಂತ ಅತ್ತೆಯ ಕಡೆಗೇ ನೋಡುತ್ತ ಹೇಳಿದರು:

"ಬಿಡಲ್ಲ."